ಆಗಸ್ಟ್ ತಿಂಗಳ ತೀರ್ಪು

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಪೈರನ್ನು ಕಂಡು ಹೇಳಿದರೋ ತಿಳಿಯದು. ರಗ್ಬಿ ತಂಡವೊಂದನ್ನು ಕಂಡು ಹೇಳಿದ್ದಲ್ಲ ಎಂಬುದಂತೂ ಖಂಡಿತ.

2023ರ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ನನ್ನ ಅಕ್ಕನ ಮಗ ನಮ್ಮ ಮನೆಗೆ ಬಂದ. ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ಲಂಡನ್ನಿನ ಗಡಿಯಾರದಂತೆ ದುಡಿಯುವ ಹುಡುಗ ಅವನು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದೋ, ಅಲ್ಲಿನ ಸಹೋದ್ಯೋಗಿಗಳೊಡನೆ ಮಾತಿಗೆ ಒಂದು ನೆಪ ಬೇಕೆಂದೋ, ರಗ್ಬಿಯ ಹುಚ್ಚನ್ನು ಹಿಡಿಸಿಕೊಂಡಿದ್ದಾನೆ. ಅಂದು ಅವನ ಮುಖ ಬಾಡಿತ್ತು. ಕುರ್ಚಿಯಲ್ಲಿ ಕುಸಿದು ಕುಳಿತವನೇ, "ಇಂಗ್ಲೆಂಡಿನ ಕಥೆ ಮುಗಿಯಿತು, ಮಾವ" ಎಂದ.

ಕಾಫಿ ತರುತ್ತಿದ್ದ ನನ್ನ ಹೆಂಡತಿ ಅಲ್ಲಿಯೇ ನಿಂತಳು. "ಏನಪ್ಪ, ಯುದ್ಧವೇನಾದರೂ ಶುರುವಾಯಿತೆ?"

"ಅದಕ್ಕಿಂತ ಹೆಚ್ಚಿನದು, ಅತ್ತೆ. ಫಿಜಿಯವರ ಕೈಯಲ್ಲಿ ಸೋತರು!"

ಹುಡುಗನ ಸಂಕಟ ಅಕಾರಣವಾದುದಲ್ಲ. ಇನ್ನು ಹದಿಮೂರು ದಿನಕ್ಕೆ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಇಂಗ್ಲೆಂಡ್ ತನ್ನ ವಿಶ್ವಕಪ್ಪಿನ ಮೊದಲ ಪಂದ್ಯವನ್ನು ಆಡಬೇಕು. ಅದಕ್ಕೆ ಸಿದ್ಧತೆಯೆಂದು ಆಗಸ್ಟಿನಲ್ಲಿ ಅದು ನಾಲ್ಕು ಪಂದ್ಯಗಳನ್ನು ಆಡಿತ್ತು. ಆಗಸ್ಟ್ 5ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ತಂಡದ ಎದುರು 9-20ರಿಂದ ಸೋಲು. 12ರಂದು ಸ್ವಂತ ಅಂಗಳವಾದ ಟ್ವಿಕನಮ್‌ನಲ್ಲಿ ಅದೇ ವೇಲ್ಸ್ ಎದುರು 19-17ರಿಂದ ಹೇಗೋ ಏದುಸಿರಿನ ಗೆಲುವು. 19ರಂದು ಡಬ್ಲಿನ್‌ನಲ್ಲಿ ಐರ್ಲೆಂಡ್ ಎದುರು 10-29ರ ಸೋಲು. ಕೊನೆಗೆ 26ರಂದು ಟ್ವಿಕನಮ್‌ನಲ್ಲಿಯೇ ಫಿಜಿ ದ್ವೀಪದವರು 30-22ರಿಂದ ಇಂಗ್ಲೆಂಡನ್ನು ಮಣಿಸಿದರು. ನಮ್ಮ ಮೈಸೂರು ನಗರದಲ್ಲಿರುವಷ್ಟು, ಸುಮಾರು ಒಂಬತ್ತು ಲಕ್ಷ, ಜನರಿರುವ ನಾಡು ಫಿಜಿ. ಆಟದ ತವರೂರಿನವರನ್ನು ಅವರು ಸೋಲಿಸಿದ್ದು ಅದೇ ಮೊದಲು. ಅದೇ ವರ್ಷ ಮಾರ್ಚಿಯಲ್ಲಿ ಇದೇ ಅಂಗಳದಲ್ಲಿ ಫ್ರಾನ್ಸ್ ಎದುರು 10-53ರಿಂದ ಸೋತ ಗಾಯ ಇನ್ನೂ ಹಸಿಯಾಗಿತ್ತು. ತರಬೇತಿಗಾರ ಸ್ಟೀವ್ ಬೋರ್ತ್‌ವಿಕ್ ಆ ಸ್ಥಾನಕ್ಕೆ ಬಂದು ಒಂಬತ್ತು ತಿಂಗಳೂ ತುಂಬಿರಲಿಲ್ಲ. ಇಂಗ್ಲೆಂಡ್ ಗುಂಪಿನ ಹಂತವನ್ನೂ ದಾಟಲಾರದೆಂದು ಹುಡುಗ ಅಂದೇ ತೀರ್ಪು ಕೊಟ್ಟುಬಿಟ್ಟ.

ಮುಂದೆ ನಡೆದುದೇನೆಂಬುದನ್ನು ಹೇಳುವ ಮುನ್ನ, ಮನೆಯಲ್ಲಿ ಕ್ರಿಕೆಟ್ಟಿನ ಹೊರತು ಬೇರೆ ಆಟ ನೋಡದ ವಾಚಕರಿಗಾಗಿ ಈ ಆಟದ ಪರಿಚಯವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದೊಂದು ಕಡೆಗೆ 15 ಮಂದಿ. ಕಾಲ 80 ನಿಮಿಷ. ಚೆಂಡು ತೆಂಗಿನಕಾಯಿಯಂತೆ ನೀಳವಾದುದು. ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ; ಹಿಂದಕ್ಕೋ ಪಕ್ಕಕ್ಕೋ ದಾಟಿಸಬೇಕು. ಎದುರಾಳಿಯ ಗಡಿಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು "ಟ್ರೈ", ಐದು ಅಂಕ. ಅದರ ಮೇಲಿನ ಒದೆತ ಕಂಬಗಳ ನಡುವೆ ಹೋದರೆ ಇನ್ನೆರಡು. ಎದುರಾಳಿ ತಪ್ಪುಮಾಡಿದಾಗ ದೊರಕುವ ಪೆನಾಲ್ಟಿ ಒದೆತಕ್ಕೆ ಮೂರು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುವ ಗಳಿಗೆಯಲ್ಲಿ ಒದ್ದು ಕಂಬಗಳ ನಡುವೆ ದಾಟಿಸುವ "ಡ್ರಾಪ್ ಗೋಲ್"ಗೂ ಮೂರು. ಓಡುವವನನ್ನು ಹಿಡಿದು ಕೆಡವುವುದು ನ್ಯಾಯಸಮ್ಮತ; ಆದರೆ ಭುಜದಿಂದ ಮೇಲಕ್ಕೆ, ತಲೆಗೆ ತಾಗುವಂತೆ, ಹಿಡಿಯಕೂಡದು. ಈ ಕೊನೆಯ ನಿಯಮವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಇನ್ನು ಸಿದ್ಧತೆಯ ಪಂದ್ಯಗಳ ವಿಚಾರ. ನಮ್ಮ ಭಾಷೆಯಲ್ಲಿ ಇದಕ್ಕೆ "ತಾಲೀಮು" ಎಂಬ ಒಳ್ಳೆಯ ಮಾತಿದೆ. ಅರಬ್ಬಿಯಲ್ಲಿ ಕಲಿಸುವಿಕೆ ಎಂಬ ಅರ್ಥದ ಈ ಪದ ನಮ್ಮಲ್ಲಿಗೆ ಬಂದು ಗರಡಿಮನೆಯನ್ನೂ ನಾಟಕದ ಕಂಪನಿಯನ್ನೂ ಸೇರಿಕೊಂಡಿತು. ನಾಟಕದ ತಾಲೀಮಿನಲ್ಲಿ ದುರ್ಯೋಧನ ಮಾತು ಮರೆತರೆ ಮೇಷ್ಟರು ಗದರುತ್ತಾರೆ, ಅಷ್ಟೆ. ನೋಡಲು ಟಿಕೆಟ್ಟು ಕೊಂಡು ಬಂದವರಿರುವುದಿಲ್ಲ. ಟ್ವಿಕನಮ್‌ನಲ್ಲಿ ಎಂಬತ್ತೆರಡು ಸಾವಿರ ಆಸನಗಳಿವೆ, ತಾಲೀಮಿಗೂ ಟಿಕೆಟ್ಟು ಮಾರುತ್ತಾರೆ. ಹಣ ಕೊಟ್ಟು ಬಂದವನು ತೀರ್ಪು ಕೊಡದೆ ಹೋಗುತ್ತಾನೆಯೆ?

ಆದರೆ ತರಬೇತಿಗಾರನ ಲೆಕ್ಕವೇ ಬೇರೆ. ಅವನಿಗೆ ಬೇಕಾದುದು ಅಕ್ಟೋಬರಿನ ಕಾಲುಗಳು, ಆಗಸ್ಟಿನವಲ್ಲ. ಆದ್ದರಿಂದ ಬೇಸಗೆಯುದ್ದಕ್ಕೂ ಆಟಗಾರರನ್ನು ಓಡಿಸಿ, ಭಾರ ಎತ್ತಿಸಿ, ಅರೆದುಹಾಕಿ, ಆ ದಣಿದ ಮೈಯಲ್ಲಿಯೇ ಪಂದ್ಯಕ್ಕೆ ಇಳಿಸುತ್ತಾನೆ. ಯೋಚಿಸಿಟ್ಟ ಹೊಸ ಪಟ್ಟುಗಳನ್ನು ಎದುರಾಳಿಯ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಾನೆ. ಆಟಗಾರನ ಮನಸ್ಸಿನಲ್ಲಾದರೋ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ತೊಯ್ದಾಟ: ಚೆನ್ನಾಗಿ ಆಡಬೇಕು, ಕಾಲು ಮುರಿದುಕೊಳ್ಳಬಾರದು. ಇತ್ತ ಫಿಜಿಯವರಿಗೆ ಇಂತಹ ಅಂಗಳದಲ್ಲಿ ಇಂತಹವರೊಡನೆ ಆಡುವ ಅವಕಾಶ ಅಪರೂಪ. 2022ರಿಂದ ಅವರ ದ್ರೂಆ ತಂಡ ದಕ್ಷಿಣಾರ್ಧದ ದೊಡ್ಡ ಲೀಗಿನಲ್ಲಿ ವಾರವಾರವೂ ಆಡಿ ಹದಗೊಂಡಿತ್ತು. ಅವರು ಅಂದು ತಾಲೀಮಿಗೆ ಬಂದಿರಲಿಲ್ಲ, ನಾಟಕಕ್ಕೇ ಬಂದಿದ್ದರು. ಒಬ್ಬರು ಬಣ್ಣ ಹಚ್ಚಿಕೊಂಡು, ಇನ್ನೊಬ್ಬರು ಹಚ್ಚಿಕೊಳ್ಳದೆ, ಒಂದೇ ರಂಗದಲ್ಲಿ ನಿಂತಂತಾಯಿತು.

ಇದಕ್ಕೆ ಹಿಂದಿನ ದಿನವೇ, ಅದೇ ಟ್ವಿಕನಮ್‌ನಲ್ಲಿ ಇನ್ನೊಂದು ತಾಲೀಮು ನಡೆದಿತ್ತು. ದಕ್ಷಿಣ ಆಫ್ರಿಕದವರು ನ್ಯೂಜಿಲೆಂಡಿನವರನ್ನು 35-7ರಿಂದ ಬಡಿದರು. ಆ ದಿನದವರೆಗೆ ನ್ಯೂಜಿಲೆಂಡ್ ಕಂಡ ಅತಿ ದೊಡ್ಡ ಸೋಲು. ಶುಕ್ರವಾರ ನ್ಯೂಜಿಲೆಂಡಿಗೆ, ಶನಿವಾರ ಇಂಗ್ಲೆಂಡಿಗೆ, ಎರಡು ಶ್ರಾದ್ಧಗಳನ್ನು ಪತ್ರಿಕೆಗಳು ಬೆನ್ನುಬೆನ್ನಿಗೆ ಮಾಡಿ ಮುಗಿಸಿದವು. ಅದೇ ಅಕ್ಟೋಬರಿನಲ್ಲಿ ವಿಶ್ವಕಪ್ಪಿನ ಕೊನೆಯ ನಾಲ್ಕು ತಂಡಗಳಲ್ಲಿ ಈ ಎರಡೂ ಇದ್ದವು! ನ್ಯೂಜಿಲೆಂಡ್ ಫೈನಲಿಗೇ ಹೋಗಿ, ಅದೇ ದಕ್ಷಿಣ ಆಫ್ರಿಕದ ಎದುರು ಒಂದೇ ಒಂದು ಅಂಕದಿಂದ, 11-12ರಿಂದ, ಕಪ್ಪನ್ನು ಕಳೆದುಕೊಂಡಿತು. ಇಪ್ಪತ್ತೆಂಟು ಅಂಕಗಳ ಅಂತರ ಒಂಬತ್ತೇ ವಾರದಲ್ಲಿ ಒಂದಂಕಕ್ಕೆ ಇಳಿದುದನ್ನು ನೋಡಿ ಯಾವ ಜ್ಯೋತಿಷಿ ತನ್ನ ಪಂಚಾಂಗವನ್ನು ಮಡಿಸಿಡುವುದಿಲ್ಲ?

ಹಾಗಾದರೆ ಆಗಸ್ಟಿನ ಪಂದ್ಯಗಳು ಸುಳ್ಳು ಹೇಳಿದುವೆ? ಇಲ್ಲ. ನನ್ನ ಅಭಿಪ್ರಾಯದಲ್ಲಿ ಅವು ನಿಜವನ್ನೇ ಹೇಳಿದುವು, ನಾವು ಕೇಳಿಸಿಕೊಂಡುದು ಬೇರೆ. ನಾವೆಲ್ಲ ಅಂಕಗಳ ಫಲಕವನ್ನು ನೋಡಿದೆವು. ನೋಡಬೇಕಾಗಿದ್ದುದು ತೀರ್ಪುಗಾರನ ಜೇಬನ್ನು.

ಆಗಸ್ಟ್ 12ರ ಪಂದ್ಯದಲ್ಲಿ ನಾಯಕ ಓವೆನ್ ಫ್ಯಾರೆಲ್ ಎದುರಾಳಿಯ ತಲೆಗೆ ಭುಜ ತಾಗುವಂತೆ ಹಾಯ್ದರು. ಈಗಿನ ವ್ಯವಸ್ಥೆಯಲ್ಲಿ ಇಂತಹ ತಪ್ಪಿಗೆ ಮೊದಲು ಹಳದಿ ಚೀಟಿ ತೋರಿಸಿ ಹತ್ತು ನಿಮಿಷ ಹೊರಗೆ ಕೂರಿಸುತ್ತಾರೆ. ಅಷ್ಟರಲ್ಲಿ ಬೇರೊಬ್ಬ ಅಧಿಕಾರಿ ಚಿತ್ರವನ್ನು ಮತ್ತೆ ಮತ್ತೆ ನೋಡಿ, ತಪ್ಪು ಘೋರವೆಂದು ಕಂಡರೆ ಅದನ್ನು ಕೆಂಪಾಗಿಸುತ್ತಾನೆ. ಫ್ಯಾರೆಲರ ಹಳದಿ ಕೆಂಪಾಯಿತು. ಮೂರು ದಿನಗಳ ಮೇಲೆ ವಿಚಾರಣೆಯ ಸಮಿತಿ ಆ ಕೆಂಪನ್ನು ಅಳಿಸಿತು. ವಿಶ್ವಸಂಸ್ಥೆಯಾದ ವರ್ಲ್ಡ್ ರಗ್ಬಿ ಮೇಲ್ಮನವಿ ಸಲ್ಲಿಸಿತು. ಕೊನೆಗೆ ನಾಲ್ಕು ಪಂದ್ಯಗಳ ನಿಷೇಧ ಬಿತ್ತು. ಈ ಗದ್ದಲದ ನಡುವೆಯೇ ಡಬ್ಲಿನ್‌ನಲ್ಲಿ ಬಿಲಿ ವುನಿಪೋಲಾ ಅದೇ ಬಗೆಯ ತಪ್ಪುಮಾಡಿ ಕೆಂಪು ಚೀಟಿ ಕಂಡರು. ಟ್ವಿಕನಮ್‌ನ ಆ ಶುಕ್ರವಾರ ನ್ಯೂಜಿಲೆಂಡಿನ ಸ್ಕಾಟ್ ಬ್ಯಾರೆಟ್ ಕೂಡ ಎರಡು ಹಳದಿ ಸೇರಿ ಹೊರನಡೆದರು.

ಇದನ್ನು ಬರಿಯ ಶಿಸ್ತಿನ ಕಟ್ಟಳೆಯೆಂದು ತಿಳಿಯಬಾರದು. 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ತಂಡದ ಮುಂಚೂಣಿಯಲ್ಲಿ ಸ್ಟೀವ್ ಥಾಮ್ಸನ್ ಎಂಬ ಬಲಿಷ್ಠರಿದ್ದರು. 2020ರ ಡಿಸೆಂಬರಿನಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ಅವರು ತಮಗೆ ಮರೆವಿನ ರೋಗ ತಗುಲಿದೆಯೆಂದು ಲೋಕಕ್ಕೆ ತಿಳಿಸಿದರು. ಆ ಕಪ್ಪನ್ನು ಗೆದ್ದುದು ಅವರಿಗೆ ನೆನಪಿಲ್ಲ. ಆಡುವ ಕಾಲದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣವೆಂದು ಹೇಳಿ ಅವರೂ ಇತರ ಹಳೆಯ ಆಟಗಾರರೂ ನ್ಯಾಯಾಲಯದ ಮೆಟ್ಟಿಲೇರಿದರು. ಕೆಂಪು ಚೀಟಿಯ ಹಿಂದೆ ನಿಂತಿರುವುದು ಇದು. ಅಕ್ಕನ ಮಗನಿಗೆ ಇದನ್ನು ಹೇಳಿದಾಗ ನನ್ನ ಹೆಂಡತಿ ಒಳಗಿನಿಂದ, "ಅಂಥ ಆಟವನ್ನು ಯಾಕಪ್ಪ ನೋಡುತ್ತೀರಿ?" ಎಂದು ಕೇಳಿದಳು. ನಾವಿಬ್ಬರೂ ಉತ್ತರ ಹೇಳಲಿಲ್ಲ.

ಆಗಸ್ಟ್ ಹೇಳಿದ ಇನ್ನೊಂದು ನಿಜವೆಂದರೆ, ಇಂಗ್ಲೆಂಡಿಗೆ ಟ್ರೈ ಗಳಿಸುವ ಶಕ್ತಿ ಕುಂದಿದೆ ಎಂಬುದು. ಕಾರ್ಡಿಫ್‌ನ ಒಂಬತ್ತು ಅಂಕಗಳೂ ಒದೆತದಿಂದ ಬಂದುವೇ. ಈ ಎರಡು ಲಕ್ಷಣಗಳನ್ನು ಬರೆದಿಟ್ಟುಕೊಂಡಿದ್ದವನಿಗೆ ಮುಂದಿನ ಎರಡು ತಿಂಗಳು ಆಶ್ಚರ್ಯವನ್ನು ತರುತ್ತಿರಲಿಲ್ಲ.

ಆದರೂ ತಾಲೀಮು ಇನ್ನೊಂದು ಕೆಲಸವನ್ನು, ಯಾರ ಅಪ್ಪಣೆಯೂ ಇಲ್ಲದೆ, ಮಾಡಿಹಾಕಿತ್ತು. ಬೋರ್ತ್‌ವಿಕ್ ತಮ್ಮ 33 ಮಂದಿಯ ಪಟ್ಟಿಯನ್ನು ಆಗಸ್ಟ್ 7ರಂದೇ ಪ್ರಕಟಿಸಿದ್ದರು. ಸ್ಕ್ರಮ್-ಹಾಫ್ ಎಂಬ ಸ್ಥಾನ ತಂಡದ ಬಾಯಿಯಿದ್ದಂತೆ, ಮುಂಚೂಣಿಯ ಕುಸ್ತಿಯಿಂದ ಚೆಂಡನ್ನು ಎತ್ತಿ ಹೊರಗೆ ಹಂಚುವವನು ಅವನೇ. ಆ ಸ್ಥಾನಕ್ಕೆ ಮೂವರನ್ನು ಆರಿಸಿದರು. ಅಲೆಕ್ಸ್ ಮಿಚೆಲ್ ಎಂಬವರನ್ನು ಕೈಬಿಟ್ಟರು. ಐದು ದಿನ ಕಳೆದು ಟ್ವಿಕನಮ್‌ನಲ್ಲಿ, ಆರಿಸಿದ ಮೂವರಲ್ಲೊಬ್ಬರಾದ ಜ್ಯಾಕ್ ವಾನ್ ಪೂರ್ಟ್‌ಫ್ಲೀಟ್ ಕಾಲಿನ ಹರಡಿಗೆ ಪೆಟ್ಟುಮಾಡಿಕೊಂಡರು. ಅವರ ವಿಶ್ವಕಪ್ ಆ ಹುಲ್ಲಿನ ಮೇಲೆಯೇ ಮುಗಿಯಿತು. ಅವರ ಬದಲಿಗೆ ಬಂದವರು ಮಿಚೆಲ್. ಹೀಗೆಯೇ ಆಂತೊನಿ ವಾಟ್ಸನ್ ಮೀನಖಂಡದ ನೋವಿನಿಂದ ಹಿಂದೆ ಸರಿದರು, ಕೈಬಿಟ್ಟಿದ್ದ ಜಾನಿ ಮೇ ಒಳಗೆ ಬಂದರು. ಫ್ಯಾರೆಲರ ನಿಷೇಧದಿಂದ ತೆರವಾದ ಫ್ಲೈ-ಹಾಫ್ ಸ್ಥಾನ, ಎಂದರೆ ಆಟವನ್ನು ನಡೆಸುವ ಸೂತ್ರಧಾರನ ಸ್ಥಾನ, ಜಾರ್ಜ್ ಫೋರ್ಡರ ಪಾಲಿಗೆ ಬಂತು.

ಈ ಮೂವರೂ ಸೆಪ್ಟೆಂಬರ್ 9ರಂದು ಮಾರ್ಸೇಲ್‌ನಲ್ಲಿ ಅರ್ಜೆಂಟೀನದ ಎದುರು ಮೊದಲ ಹದಿನೈದರಲ್ಲಿದ್ದರು.

ನಮ್ಮ ಗಡಿಯಾರದಲ್ಲಿ ಆಗ ನಡುರಾತ್ರಿ ಹನ್ನೆರಡೂವರೆ. ಹುಡುಗ ತನ್ನ ಕೆಲಸಕ್ಕೆ ರಜೆ ಹಾಕಿ ನಮ್ಮ ಮನೆಗೆ ಬಂದಿದ್ದ. ಸೋಲನ್ನು ಒಂಟಿಯಾಗಿ ನೋಡುವುದು ಕಷ್ಟವಂತೆ. ಆಟ ಶುರುವಾಗಿ ಮೂರನೆಯ ನಿಮಿಷ. ಇಂಗ್ಲೆಂಡಿನ ಟಾಮ್ ಕರಿ ಮತ್ತು ಎದುರಾಳಿಯ ತಲೆಗಳು ಡಿಕ್ಕಿ ಹೊಡೆದುವು. ಹಳದಿ ಚೀಟಿ, ಸ್ವಲ್ಪ ಹೊತ್ತಿಗೆ ಅದು ಕೆಂಪು. ಆಗಸ್ಟಿನ ರೋಗ ಅಕ್ಷರಶಃ ಮರುಕಳಿಸಿತ್ತು. ಇನ್ನು ಮುಕ್ಕಾಲು ಪಾಲಿಗಿಂತ ಹೆಚ್ಚು ಆಟವನ್ನು ಹದಿನಾಲ್ಕು ಮಂದಿಯೇ ಆಡಬೇಕು. ಹುಡುಗ ಚಪ್ಪಲಿ ಹುಡುಕತೊಡಗಿದ.

ಆಗ ಫೋರ್ಡ್ ಒದೆಯಲು ತೊಡಗಿದರು. ನಲವತ್ತು ಮೀಟರಿನಾಚೆಯಿಂದಲೂ, ಯಾರೂ ನಿರೀಕ್ಷಿಸದ ಗಳಿಗೆಯಲ್ಲಿ, ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಸಿ ಕಂಬಗಳ ನಡುವೆ ಕಳುಹಿಸಿದರು. ಒಂದಲ್ಲ, ಮೊದಲರ್ಧದಲ್ಲಿಯೇ ಮೂರು ಡ್ರಾಪ್ ಗೋಲುಗಳು. ಜೊತೆಗೆ ಆರು ಪೆನಾಲ್ಟಿಗಳು. ಇಂಗ್ಲೆಂಡ್ 27, ಅರ್ಜೆಂಟೀನ 10. ಇಪ್ಪತ್ತೇಳು ಅಂಕಗಳನ್ನೂ ಗಳಿಸಿದವರು ಒಬ್ಬರೇ, ಟ್ರೈ ಒಂದೂ ಇಲ್ಲ. ರೋಗದ ಎರಡು ಲಕ್ಷಣಗಳೂ ಇದ್ದಂತೆಯೇ ಇದ್ದವು, ರೋಗಿ ಮಾತ್ರ ಎದ್ದು ನಡೆದಾಡುತ್ತಿದ್ದ! ಟ್ರೈ ಗಳಿಸಲಾರದ ತಂಡ ಒದೆತವನ್ನೇ ಕಸುಬಾಗಿ ಮಾಡಿಕೊಂಡಿತು. ನೋಡಲು ಸೊಗಸಾದ ಆಟವೇನಲ್ಲ. ಶೃಂಗಾರರಸವನ್ನು ಬಯಸಿ ಬಂದವನಿಗೆ ಲೆಕ್ಕಪತ್ರವನ್ನು ಓದಿ ಹೇಳಿದಂತಿತ್ತು.

ಉಳಿದುದನ್ನು ಬೇಗ ಹೇಳುತ್ತೇನೆ. ಜಪಾನಿನ ಎದುರು 34-12, ಚಿಲಿಯ ಎದುರು 71-0, ಸಮೋವದ ಎದುರು ಕೂದಲೆಳೆಯ 18-17. ಗುಂಪಿನಲ್ಲಿ ಒಂದೂ ಸೋಲದೆ ಇಂಗ್ಲೆಂಡ್ ಮೇಲಿನ ಹಂತಕ್ಕೆ ಬಂದಿತು. ಇದರಲ್ಲಿ ಅದೃಷ್ಟದ ಪಾಲೂ ಇದ್ದಿತೆಂಬುದನ್ನು ಮುಚ್ಚಿಡಬಾರದು. ತಂಡಗಳನ್ನು ಗುಂಪುಗಳಿಗೆ ಹಂಚುವ ಚೀಟಿಯನ್ನು 2020ರ ಡಿಸೆಂಬರಿನಲ್ಲಿಯೇ, ಸುಮಾರು ಮೂರು ವರ್ಷ ಮುಂಚೆಯೇ, ಎತ್ತಿಬಿಟ್ಟಿದ್ದರು. ಅಷ್ಟರಲ್ಲಿ ಬಲಾಬಲಗಳು ಬದಲಾಗಿ, ಐರ್ಲೆಂಡ್, ಫ್ರಾನ್ಸ್, ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್ ಎಂಬ ನಾಲ್ಕು ಹುಲಿಗಳೂ ಒಂದೇ ಬೋನಿನಲ್ಲಿ ಸಿಕ್ಕಿಕೊಂಡಿದ್ದವು, ಇಂಗ್ಲೆಂಡ್ ಇನ್ನೊಂದರಲ್ಲಿತ್ತು. ಫಾರ್ಮು, ಫಾರ್ಮು ಎಂದು ನಾವು ಬಡಿದುಕೊಳ್ಳುವಾಗ ಈ ಚೀಟಿಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಕ್ವಾರ್ಟರ್ ಫೈನಲಿನ ಎದುರಾಳಿ ಯಾರೆಂದುಕೊಂಡಿರಿ? ಅದೇ ಫಿಜಿ! ಟ್ವಿಕನಮ್‌ನ ಆ ಶನಿವಾರ ಕಳೆದು ಸರಿಯಾಗಿ ಐವತ್ತು ದಿನ. 24-10ರಿಂದ ಮುಂದಿದ್ದ ಇಂಗ್ಲೆಂಡನ್ನು ಫಿಜಿಯವರು ಅಟ್ಟಿಸಿಕೊಂಡು ಬಂದು 24-24ಕ್ಕೆ ಸಮ ಮಾಡಿದರು. ನಿಷೇಧ ಮುಗಿಸಿ ಮರಳಿದ್ದ ಫ್ಯಾರೆಲ್ ಒಂದು ಡ್ರಾಪ್ ಗೋಲನ್ನೂ ಒಂದು ಪೆನಾಲ್ಟಿಯನ್ನೂ ಒದ್ದು 30-24 ಮಾಡಿ ಉಳಿಸಿದರು. ಸೋತರೂ ಫಿಜಿಯವರದೇ ನಿಜವಾದ ಸಂಪತ್ತಿನ ವರ್ಷ ಎಂದು ನನಗನ್ನಿಸುತ್ತದೆ. ಗುಂಪಿನ ಹಂತದಲ್ಲಿ ಅವರು ಆಸ್ಟ್ರೇಲಿಯವನ್ನು 22-15ರಿಂದ ಸೋಲಿಸಿದ್ದರು, 1954ರ ತರುವಾಯ ಮೊದಲ ಬಾರಿಗೆ. ಅವರ ಆಗಸ್ಟ್ ಸುಳ್ಳಾಗಲಿಲ್ಲ.

ಅಕ್ಟೋಬರ್ 21ರಂದು ಪ್ಯಾರಿಸ್ಸಿನಲ್ಲಿ ಸೆಮಿಫೈನಲು, ಎದುರಿಗೆ ದಕ್ಷಿಣ ಆಫ್ರಿಕ. ಅಂದೇ ಹಗಲು ಮುಂಬಯಿಯ ವಾಂಖೆಡೆ ಅಂಗಳದಲ್ಲಿ ಕ್ರಿಕೆಟ್ಟಿನ ವಿಶ್ವಕಪ್ಪಿನಲ್ಲಿಯೂ ಇದೇ ಎರಡು ದೇಶಗಳು ಎದುರಾಗಿದ್ದವು. ಹಿಂದಿನ ಕಪ್ಪನ್ನು ಗೆದ್ದವರೆಂಬ ಬಿರುದಿನೊಡನೆ ಬಂದಿದ್ದ ಇಂಗ್ಲೆಂಡ್ 229 ರನ್ನುಗಳಿಂದ ನೆಲಕಚ್ಚಿತು. ಐದು ದಿನ ಕಳೆದು ನಮ್ಮ ಬೆಂಗಳೂರಿಗೆ ಬಂದು ಶ್ರೀಲಂಕದ ಎದುರು 156ಕ್ಕೆ ಗಂಟುಮೂಟೆ ಕಟ್ಟಿತು. ಎಲ್ಲರೂ ಹೊಗಳಿದ ತಂಡ ಹಾಗೆ, ಎಲ್ಲರೂ ತೆಗಳಿದ ತಂಡ ಹೀಗೆ.

ಆ ರಾತ್ರಿ ಇಂಗ್ಲೆಂಡ್ ಕೊನೆಯ ಹನ್ನೊಂದು ನಿಮಿಷದವರೆಗೆ 15-6ರಿಂದ ಮುಂದಿತ್ತು. ಹದಿನೈದೂ ಫ್ಯಾರೆಲರ ಒದೆತಗಳೇ; ಟ್ರೈ ಇಲ್ಲವೇ ಇಲ್ಲ. ಆಮೇಲೆ ದಕ್ಷಿಣ ಆಫ್ರಿಕದ ಸ್ನೈಮನ್ ಒಂದು ಟ್ರೈ ಗಳಿಸಿದರು. ಇನ್ನೇನು ಮುಗಿಯಿತೆನ್ನುವಾಗ ಸ್ಕ್ರಮ್ ಎಂಬ ಎಂಟೆಂಟು ಮಂದಿಯ ತಳ್ಳಾಟದಲ್ಲಿ ಇಂಗ್ಲೆಂಡಿನ ಮುಂಚೂಣಿ ಕುಸಿಯಿತು, ಪೆನಾಲ್ಟಿ ಬಿತ್ತು. ಹಾಂದ್ರೆ ಪೊಲಾರ್ಡ್ ಸುಮಾರು ಐವತ್ತು ಮೀಟರಿನಿಂದ ಒದ್ದರು. 16-15. ಈ ಪೊಲಾರ್ಡ್ ಕೂಡ ತಮ್ಮ ದೇಶದ ಮೊದಲ 33 ಮಂದಿಯ ಪಟ್ಟಿಯಲ್ಲಿರಲಿಲ್ಲ. ಪೆಟ್ಟಿನಿಂದ ಚೇತರಿಸಿಕೊಳ್ಳುತ್ತ ಹೊರಗಿದ್ದವರನ್ನು, ಮಾಲ್ಕಮ್ ಮಾರ್ಕ್ಸ್ ಗಾಯಗೊಂಡು ಮನೆಗೆ ಹೋದಾಗ, ಸೆಪ್ಟೆಂಬರ್ ನಡುವಿನಲ್ಲಿ ಕರೆಸಿಕೊಂಡಿದ್ದರು. ಒಂದು ವಾರದ ತರುವಾಯ ಫೈನಲಿನಲ್ಲಿ ದಕ್ಷಿಣ ಆಫ್ರಿಕದ ಹನ್ನೆರಡು ಅಂಕಗಳನ್ನೂ ಗಳಿಸಿದವರು ಅವರೇ. ಆ ಫೈನಲಿನಲ್ಲಿ ನ್ಯೂಜಿಲೆಂಡಿನ ನಾಯಕ ಸ್ಯಾಮ್ ಕೇನ್ ಕೆಂಪು ಚೀಟಿ ಪಡೆದು ಹೊರಗೆ ಕುಳಿತು ಉಳಿದ ಆಟವನ್ನು ನೋಡಿದರು. ಟ್ವಿಕನಮ್‌ನ ಆ ಶುಕ್ರವಾರ 35-7 ಎಂಬುದನ್ನು ಬರೆದುಕೊಂಡವನಿಗೆ ಇದರ ಸುಳಿವು ಸಿಗುತ್ತಿರಲಿಲ್ಲ. ಬ್ಯಾರೆಟ್ಟರ ಚೀಟಿಯನ್ನು ಬರೆದುಕೊಂಡವನಿಗೆ ಸಿಗುತ್ತಿತ್ತು.

ಇಂಗ್ಲೆಂಡ್ ಅರ್ಜೆಂಟೀನವನ್ನು ಮತ್ತೊಮ್ಮೆ, 26-23ರಿಂದ, ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ಒಂದು ತಿಂಗಳು ಕಳೆದು, ನವೆಂಬರಿನ ಕೊನೆಯಲ್ಲಿ, ಫ್ಯಾರೆಲ್ ತಮ್ಮ ಮತ್ತು ತಮ್ಮ ಸಂಸಾರದ ಮನಶ್ಶಾಂತಿಗಾಗಿ ದೇಶದ ತಂಡದಿಂದ ದೂರವಿರುವುದಾಗಿ ತಿಳಿಸಿದರು. ಆಗಸ್ಟಿನ ಆ ಎರಡು ವಾರ, ಇಂದು ತಪ್ಪಿತಸ್ಥ, ನಾಳೆ ನಿರ್ದೋಷಿ, ನಾಳಿದ್ದು ಮತ್ತೆ ತಪ್ಪಿತಸ್ಥ ಎಂದು ಪತ್ರಿಕೆಗಳ ಮುಖಪುಟದಲ್ಲಿ ತೂಗಾಡಿದ ಮನುಷ್ಯನ ಮನೆಯಲ್ಲಿಯೂ ಮಕ್ಕಳಿರುತ್ತಾರಲ್ಲವೆ?

ಮುಂದಿನ ವಿಶ್ವಕಪ್ 2027ರ ಅಕ್ಟೋಬರ್ 1ರಂದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಆರಂಭವಾಗಬೇಕಾಗಿದೆ. ಈ ಸಲ 20ರ ಬದಲು 24 ತಂಡಗಳು. ಅದಕ್ಕೆ ಮುನ್ನ ಯಥಾಪ್ರಕಾರ ತಾಲೀಮಿನ ಪಂದ್ಯಗಳಿರುತ್ತವೆ, ತೀರ್ಪುಗಳೂ ಇರುತ್ತವೆ. ಮೊನ್ನೆ ಮನೆಗೆ ಬಂದಿದ್ದ ಅಕ್ಕನ ಮಗ ತನ್ನ ಹೊಸ ನೋಟುಪುಸ್ತಕವನ್ನು ತೋರಿಸಿದ. ಅಂಕಗಳಿಗೆಂದು ಅದರಲ್ಲಿ ಜಾಗವನ್ನೇ ಬಿಟ್ಟಿಲ್ಲ. ಎಷ್ಟು ಹಿಡಿತಗಳು ಭುಜದಿಂದ ಮೇಲೆ ಹೋದವು, ಸ್ಕ್ರಮ್ ಎಷ್ಟು ಸಲ ಕುಸಿಯಿತು, ಯಾರು ಕುಂಟುತ್ತ ಹೊರಗೆ ಬಂದರು ಎಂದು ಗೆರೆ ಎಳೆದಿದ್ದಾನೆ. ಕೊನೆಯ ಪುಟ ಖಾಲಿಯಿತ್ತು. ಅದೇಕೆಂದು ಕೇಳಿದೆ.

"ಪಟ್ಟಿಯಲ್ಲಿ ಸೇರದವರ ಹೆಸರು ಬರೆಯಲು, ಮಾವ" ಎಂದ.